ಆಕ್ಟೋಪಸ್ ಬಿಡಿ, ಸೋಪಿನ ಚೀಟಿ ನೋಡಿ

ನಮಸ್ಕಾರ,

ನೀವು ಕಳಿಸಿದ 'ಅಲ್ ಖೈದಾ: ಒಬ್ಬನ ಸಾಮ್ರಾಜ್ಯ' ಲೇಖನ ಎರಡು ಸಲ ಓದಿದೆ. ಹೀಗೇ ಹಾಕಲು ಆಗುವುದಿಲ್ಲ. ಆದರೆ ನೀವು ಚೆನ್ನಾಗಿ ಓದಿಕೊಂಡಿದ್ದೀರಿ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಒಂಬತ್ತು ಪುಟದಲ್ಲಿ ಆರು ಪುಟ ಬರೀ ಬಿನ್ ಲಾಡೆನ್. ಸಂಘಟನೆಯನ್ನು ಐದು ಸಲ 'ಆಕ್ಟೋಪಸ್' ಎಂದಿದ್ದೀರಿ. ತಲೆ ಹೋದರೆ ಆಕ್ಟೋಪಸ್ ಉಳಿಯುತ್ತದಾ? ಲಾಡೆನ್ 2011ರಲ್ಲಿ ಸತ್ತ. ಆಮೇಲೆ ಅವನ ಉಪನಾಯಕ ಜವಾಹಿರಿ 2022ರವರೆಗೆ ನಡೆಸಿದ.

ಲಾಡೆನ್‌ಗೆ ಅಪ್ಪನಿಂದ 30 ಕೋಟಿ ಡಾಲರ್ ಬಂತು ಎನ್ನುವುದು ಹಳೇ ಕಥೆ, ತಪ್ಪು. 9/11 ದಾಳಿಯ ತನಿಖೆ ಮಾಡಿದ ಅಮೆರಿಕದ ಆಯೋಗದ ಪ್ರಕಾರ ಮನೆಯಿಂದ ಸಿಗುತ್ತಿದ್ದುದು ವರ್ಷಕ್ಕೆ ಸುಮಾರು 10 ಲಕ್ಷ ಡಾಲರ್. ಅದೂ 1994ರ ಹೊತ್ತಿಗೆ ನಿಂತಿತು. 9/11ಕ್ಕೆ ಮುಂಚೆ ಸಂಘಟನೆಯ ಖರ್ಚು ವರ್ಷಕ್ಕೆ ಸುಮಾರು 3 ಕೋಟಿ ಡಾಲರ್ ಇತ್ತು. ಆ ದುಡ್ಡು ಹೆಚ್ಚಾಗಿ ಕೊಲ್ಲಿ ದೇಶಗಳ ದಾನಿಗಳಿಂದ, ದತ್ತಿಯ ಹೆಸರಲ್ಲಿ ಬಂದದ್ದು. ಅವರ ಬಗ್ಗೆ ಒಂದು ಸಾಲೂ ಇಲ್ಲ!

ಏಳನೇ ಪುಟದಲ್ಲಿ ಮಾಲಿ ದೇಶದ ಟಿಂಬಕ್ಟುವನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ನಿಮ್ಮ ಲೇಖನ ಅದೇ ಕಣ್ರೀ. 2013ರಲ್ಲಿ ಅಲ್ಲಿ ಅಲ್ ಖೈದಾದವರು ಖಾಲಿ ಮಾಡಿದ ಕಟ್ಟಡದಲ್ಲಿ ಎಪಿ ಸುದ್ದಿಸಂಸ್ಥೆಗೆ ನೂರಕ್ಕೂ ಹೆಚ್ಚು ರಸೀದಿ ಸಿಕ್ಕವು. ಸೋಪು, ಮ್ಯಾಕರೋನಿ, ಸೂಪರ್ ಗ್ಲೂ, ಎಲ್ಲಕ್ಕೂ ಚೀಟಿ. ಅಲ್ಲೇ ಇನ್ನೊಂದು ಪತ್ರ ಸಿಕ್ಕಿತು. ಉತ್ತರ ಆಫ್ರಿಕಾ ಶಾಖೆಯ ಹಿರಿಯರು 2012ರ ಅಕ್ಟೋಬರಿನಲ್ಲಿ ಕಮಾಂಡರ್ ಬೆಲ್‌ಮೊಖ್ತಾರ್‌ಗೆ ಬರೆದದ್ದು. ಫೋನ್ ಎತ್ತಲ್ಲ, ಸಭೆಗೆ ಬರಲ್ಲ, ಖರ್ಚಿನ ಲೆಕ್ಕ ಕೊಡಲ್ಲ ಎಂಬ ದೂರು. ನಮ್ಮ ಸೊಸೈಟಿ ಬ್ಯಾಂಕಿನ ಮೆಮೋ ಥರ ಇದೆ, ಅಲ್ವಾ? ಆತ ಬೇರೆ ಗುಂಪು ಕಟ್ಟಿದ. 2013ರ ಜನವರಿಯಲ್ಲಿ ಅವನ ಜನ ಅಲ್ಜೀರಿಯಾದ ಇನ್ ಅಮೆನಾಸ್ ಗ್ಯಾಸ್ ಘಟಕಕ್ಕೆ ನುಗ್ಗಿದರು. 40ರ ಹತ್ತಿರ ಒತ್ತೆಯಾಳುಗಳು ಸತ್ತರು.

ಆ ಸೋಪಿನ ಚೀಟಿಯಿಂದಲೇ ಶುರು ಮಾಡಿ. ಲೆಕ್ಕ ಯಾಕೆ ಕೇಳುತ್ತಿದ್ದರು ಅಂತ ಯೋಚಿಸಿ. ದೂರದಲ್ಲಿ ಅಡಗಿ ಕೂತ ನಾಯಕನಿಗೆ ಶಾಖೆಯ ಮೇಲೆ ಇರುವ ಹಿಡಿತ ಎರಡೇ: ನಿಷ್ಠೆಯ ಪ್ರಮಾಣ, ಅಂದರೆ ಬಯತ್. ಇನ್ನೊಂದು ದುಡ್ಡು. ಶಾಖೆ ತಾನೇ ದುಡಿಯತೊಡಗಿದರೆ ಬರೀ ಪ್ರಮಾಣ ಉಳಿಯುತ್ತದೆ, ಅದು ಜಾಸ್ತಿ ದಿನ ಬಾಳಲ್ಲ. ಮುಂದೆ ಐಸಿಸ್ ಆದ ಇರಾಕಿನ ಶಾಖೆ ಹೀಗೇ ಕೈತಪ್ಪಿ, 2014ರ ಫೆಬ್ರವರಿಯಲ್ಲಿ 'ಐಸಿಸ್ ನಮ್ಮದಲ್ಲ' ಎಂದು ಅಲ್ ಖೈದಾವೇ ಹೇಳಬೇಕಾಯಿತು.

'ರಕ್ತಪಿಪಾಸು' ಬಂದ ಕಡೆಯೆಲ್ಲ ಗೀಟು ಹಾಕಿದ್ದೇನೆ. ಲಾಡೆನ್‌ಗೆ ಅರ್ಧ ಪುಟ ಸಾಕು. ತಿಂಗಳೊಳಗೆ ತಿದ್ದಿ ಕಳಿಸಿ, ಜಾಗ ಇಟ್ಟಿರುತ್ತೇನೆ.