ಕನ್ನಡಿ ಶಾಟ್ ಬಿಡಿ, ಅಮ್ಮನ ಕೈ ಇಟ್ಕೊಳ್ಳಿ

ನಮಸ್ಕಾರ. ನೀವು ಕಳ್ಸಿದ ಲೇಖನ ಎರಡು ಸಲ ಓದ್ದೆ, ಜೊತೆಗಿದ್ದ ಆರು ನಿಮಿಷದ ಶಾರ್ಟ್ ಫಿಲ್ಮ್ ಮೂರು ಸಲ ನೋಡ್ದೆ. ಮೊದ್ಲೇ ಹೇಳ್ಬಿಡ್ತೀನಿ, ಲೇಖನ ಈಗಿರೋ ಹಾಗೆ ಹಾಕ್ಕೊಳ್ಳೋಕೆ ಆಗಲ್ಲ. ಆದ್ರೆ ನೀವು ತಿದ್ದಿ ವಾಪಸ್ ಕಳ್ಸಲೇಬೇಕು ಅಂತ ನನ್ನಾಸೆ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ನೀವು ನಾನ್-ಬೈನರಿ, ಅಂದ್ರೆ ಬರೀ ಗಂಡು ಅಥವಾ ಬರೀ ಹೆಣ್ಣು ಅನ್ನೋದಕ್ಕೆ ಸೇರದೋರು, ಅಂತ ನಿಮಗೆ ಗೊತ್ತಾಗಿದ್ದು, ಅದನ್ನ ಮನೇಲಿ ಬಾಯ್ಬಿಟ್ಟು ಹೇಳೋಕಾಗ್ದೆ ಫೋನಲ್ಲೇ ಒಂದು ಫಿಲ್ಮ್ ಮಾಡಿದ್ದು, ಇದು ತಾನೇ ವಿಷ್ಯ. ಆದ್ರೆ ಮೊದಲ ಮೂರು ಪುಟ ಬರೀ ಡೆಫಿನಿಷನ್. ಹುಟ್ಟಿದಾಗ ಬರೆಸಿದ ಲಿಂಗ ಬೇರೆ, ಲಿಂಗತ್ವ ಬೇರೆ, ಯಾರ ಮೇಲೆ ಮನಸ್ಸಾಗುತ್ತೆ ಅನ್ನೋದು ಇನ್ನೂ ಬೇರೆ, ಎಲ್ಲಾ ಸರಿಯಾಗೇ ಇದೆ, ಆದ್ರೆ ಅದ್ರಲ್ಲಿ ನೀವೆಲ್ಲೂ ಇಲ್ಲ. ಯಾರೋ ಎದುರಿಗೆ ಕೂತು ಪ್ರೂಫ್ ಕೇಳ್ತಿದಾರೆ ಅನ್ನೋ ಭಯದಲ್ಲಿ ಬರ್ದಂಗಿದೆ. ಆ ಭಯ ಯಾಕೆ ಬರುತ್ತೆ ಅಂತ ನಂಗೆ ಅರ್ಥ ಆಗುತ್ತೆ, ಆದ್ರೆ ಪ್ರೂಫ್ ಕೊಡೋ ಕೆಲ್ಸ ನಿಮ್ದಲ್ಲ. ಒಂದು ಪ್ಯಾರಾ ಇಟ್ಕೊಂಡು ಉಳಿದಿದ್ದು ತೆಗೀರಿ.

ನಾಲ್ಕನೇ ಪುಟದಲ್ಲಿ ಒಂದೇ ಒಂದು ಸಾಲು ಬರ್ದು ಮುಂದೆ ಹೋಗ್ಬಿಟ್ಟಿದೀರಿ. ಅಮ್ಮ ವಾಯ್ಸ್ ಮೆಸೇಜಲ್ಲಿ ಯಾವಾಗ್ಲೂ ‘ಎಲ್ಲಿದೀಯೋ’ ಅಂತಿದ್ದೋರು ಒಂದಿನ ‘ಎಲ್ಲಿದೀಯ’ ಅಂದ್ರು ಅಂತ. ನಾನು ಓದೋದು ನಿಲ್ಲಿಸಿ ಹಾಗೇ ಕೂತ್ಬಿಟ್ಟೆ. ನಿಮ್ಮ ಲೇಖನ ಶುರುವಾಗ್ಬೇಕಿದ್ದದ್ದು ಇಲ್ಲಿ.

ನೋಡಿ, ಕನ್ನಡದಲ್ಲಿ ‘ನಾನು ಬಂದೆ’ ಅಂದಾಗ ಗಂಡೂ ಇಲ್ಲ ಹೆಣ್ಣೂ ಇಲ್ಲ, ‘ನೀನು ಬಂದೆ’ ಅಂದ್ರೂ ಇಲ್ಲ, ನಮ್ಮ ಬಗ್ಗೆ ಇನ್ನೊಬ್ರು ಮಾತಾಡೋಕೆ ಶುರು ಮಾಡಿದ ತಕ್ಷಣ ಬಂದ ಅಥವಾ ಬಂದ್ಳು ಅಂತ ಆರಿಸ್ಲೇಬೇಕು. ಅದ್ರ ಮೇಲೆ ಪ್ರೀತಿಯಿಂದ ಕರೆಯೋವಾಗ ಬಾರೋ, ಬಾರೇ. ಅಂದ್ರೆ ಸಲುಗೆಯಲ್ಲೇ ಲಿಂಗ ಕೂತಿದೆ. ‘ಅವ್ರು ಬಂದ್ರು’ ಅಂದ್ರೆ ತಪ್ಪಿಸ್ಕೋಬಹುದು, ಆದ್ರೆ ಹೆತ್ತ ತಾಯಿ ತನ್ನ ಮಗು ಬಗ್ಗೆ ಹಾಗಂದ್ರೆ ಮನೆಗೆ ನೆಂಟ್ರು ಬಂದಂಗಿರುತ್ತೆ. ಮೆರಿಯಂ-ವೆಬ್‌ಸ್ಟರ್ ಡಿಕ್ಷನರಿಯವ್ರು 2019ರಲ್ಲಿ ‘ದೇ’ (they, ಗಂಡು-ಹೆಣ್ಣು ಅನ್ನದೆ ಒಬ್ಬರ ಬಗ್ಗೆ ಹೇಳೋಕೂ ಬಳಸೋ ಪದ) ಅನ್ನೋದನ್ನ ವರ್ಷದ ಪದ ಅಂತ ಆರಿಸಿದ್ದನ್ನ ಎರಡು ಪ್ಯಾರಾ ಬರ್ದಿದೀರಿ. ನಿಜ, ಆದ್ರೆ ಅದು ಇಂಗ್ಲಿಷಿನ ತೊಡಕು, ನಿಮ್ಮಮ್ಮನ ತೊಡಕು ಬೇರೆ. ಅವ್ರು ಒಂದು ‘ಓ’ ಬಿಟ್ರು, ಆ ಜಾಗಕ್ಕೆ ಏನು ಹಾಕ್ಬೇಕು ಅಂತ ಅವ್ರಿಗೆ ಗೊತ್ತಿರ್ಲಿಲ್ಲ. ನೀವು ‘ಖುಷಿ ಆಯ್ತು’ ಅಂತ ಮುಗಿಸಿದೀರಿ. ಬರೀ ಖುಷಿನಾ? ಅಷ್ಟು ವರ್ಷ ಕಿವಿಗೆ ಬಿದ್ದ ಸಲುಗೆ ಅದು, ಹೋದಾಗ ಸ್ವಲ್ಪವೂ ಖಾಲಿ ಅನ್ನಿಸ್ಲಿಲ್ವಾ? ಅನ್ನಿಸಿದ್ರೆ ಅದನ್ನೂ ಬರೀರಿ, ಅದ್ರಿಂದ ನೀವು ಯಾರು ಅನ್ನೋದು ಒಂಚೂರೂ ಕಮ್ಮಿ ಆಗಲ್ಲ.

ಇನ್ನು ಫಿಲ್ಮ್. ಕನ್ನಡಿ ಮುಂದೆ ನಿಂತು ಅರ್ಧ ಮುಖಕ್ಕೆ ನೀಲಿ, ಅರ್ಧಕ್ಕೆ ಗುಲಾಬಿ ಲೈಟು, ಇದು ನಿಮ್ದಲ್ಲ. ಬೇರೆಯವ್ರ ಫಿಲ್ಮ್‌ಗಳಲ್ಲಿ ನೋಡಿದ್ದು ನಿಮಗೇ ಗೊತ್ತಾಗ್ದೆ ಕೈಗೆ ಬಂದಿದೆ. ಅಮ್ಮ ಬಟ್ಟೆ ಮಡಚೋ ನಲವತ್ತು ಸೆಕೆಂಡ್ ನಿಮ್ದು. ಅಪ್ಪಂದೊಂದು ರಾಶಿ, ತಂಗಿದೊಂದು ರಾಶಿ, ನಿಮ್ಮ ಕುರ್ತಾ ಕೈಗೆ ಬಂದಾಗ ಅವ್ರ ಬೆರಳು ಕಾಲರ್ ಮೇಲೆ ಹಾಗೇ ನಿಲ್ಲುತ್ತೆ, ಆಮೇಲೆ ಎರಡೂ ರಾಶಿ ಬಿಟ್ಟು ಪಕ್ಕಕ್ಕಿಡ್ತಾರೆ. ಕಟ್ ಮಾಡ್ದೆ ಬಿಟ್ಟಿದೀರಲ್ಲ, ತುಂಬಾ ಒಳ್ಳೆ ನಿರ್ಧಾರ. ಆದ್ರೆ ಲೇಖನದಲ್ಲಿ ‘ಇಲ್ಲಿ ತಾಯಿ ಸಮಾಜದ ದ್ವಿಲಿಂಗ ವ್ಯವಸ್ಥೆಯನ್ನು ಪ್ರಶ್ನಿಸುತ್ತಾಳೆ’ ಅಂತ ಬರ್ದು ಅದನ್ನ ಕೆಡಿಸಿದೀರಿ. ಅವ್ರು ಬಟ್ಟೆ ಮಡಚ್ತಿದಾರೆ. ಕಂಡಿದ್ದಷ್ಟೇ ಬರೀರಿ, ಮಿಕ್ಕಿದ್ದು ಓದೋರಿಗೆ ತಲುಪುತ್ತೆ.

ಮುಖ ತೋರಿಸ್ಲೇಬೇಕಾ ಅಂತ ಪತ್ರದಲ್ಲಿ ಕೇಳಿದ್ರಿ. ಬೇಡ. ಬ್ರಿಟಿಷ್ ನಿರ್ದೇಶಕ ಡೆರೆಕ್ ಜಾರ್ಮನ್ 1993ರಲ್ಲಿ ‘ಬ್ಲೂ’ ಅನ್ನೋ ಫಿಲ್ಮ್ ಮಾಡಿದಾಗ ಏಡ್ಸ್‌ನಿಂದ ಅವ್ರ ಕಣ್ಣು ಮಂಜಾಗ್ತಿತ್ತು, 79 ನಿಮಿಷ ಪರದೆ ಮೇಲೆ ಬರೀ ನೀಲಿ, ಉಳಿದಿದ್ದೆಲ್ಲಾ ಧ್ವನಿ. ಮುಖ ಇಲ್ದೇನೂ ಆ ಮನುಷ್ಯ ಪೂರ್ತಿ ನಮ್ಮೆದುರಿಗಿರ್ತಾರೆ.

ಆದ್ರೆ ಒಂದು ವಿಷ್ಯಕ್ಕೆ ನಂಗೆ ಸಮಾಧಾನ ಇಲ್ಲ. ಅಮ್ಮನ ವಾಯ್ಸ್ ಮೆಸೇಜ್ ಹಾಕೋಕೆ ಅಮ್ಮನ್ನ ಕೇಳಿದ್ರಾ? ಲೇಖನದಲ್ಲಿ ಎಲ್ಲೂ ಇಲ್ಲ. ನಿಮ್ಮ ಕಥೆ ಹೇಳೋ ಹಕ್ಕು ನಿಮ್ದು, ಅವ್ರ ಧ್ವನಿ ಅವ್ರದ್ದು. ಧ್ವನಿ ಬೇಡ, ಮಾತು ಇರ್ಲಿ ಅಂದ್ರೆ ನೀವೇ ಓದ್ಬಹುದು, ಬೆಲ್ಜಿಯಂನ ನಿರ್ದೇಶಕಿ ಶಾಂಟಾಲ್ ಅಕರ್ಮನ್ ಒಂದು ಫಿಲ್ಮಲ್ಲಿ ತಾಯಿ ಬರ್ದ ಪತ್ರಗಳನ್ನ ನ್ಯೂಯಾರ್ಕ್ ಬೀದಿಗಳ ದೃಶ್ಯಗಳ ಮೇಲೆ ತಮ್ಮದೇ ದನಿಯಲ್ಲಿ ಓದಿದ್ರು. ಎರಡೂ ಬೇಡ ಅಂದ್ರೆ ತೆಗೀಬೇಕು. ಕೇಳೋವಾಗ ನಡೆಯೋ ಮಾತುಕತೆ ಹೇಗಿದ್ರೂ, ಅಮ್ಮ ಒಪ್ಪಿದ್ರೆ ಅದೂ ಲೇಖನದಲ್ಲಿ ಬರ್ಲಿ.

ಎರಡು ಸಾವಿರ ಪದ ಬೇಡ, ಸಾವಿರದೊಳಗೆ ಮುಗಿಸಿ. ಯಾವ ಹೆಸರಲ್ಲಿ ಹಾಕ್ಬೇಕು ಅಂತ ಯೋಚ್ನೆ ಮಾಡಿ ತಿಳ್ಸಿ, ಮನೇಲಿ ಎಲ್ಲರಿಗೂ ಗೊತ್ತಿಲ್ಲ ಅಂದ್ರೆ ಅವಸರ ಬೇಡ, ಕಾಯ್ತೀವಿ. ಇನ್ನೊಂದು, ಲೇಖನದ ಕೆಳಗೆ ಎರಡು ಸಾಲು ಪರಿಚಯ ಹಾಕ್ತೀವಲ್ಲ, ಅದ್ರಲ್ಲಿ ನಿಮ್ಮ ಬಗ್ಗೆ ‘ಅವರು’ ಅಂತ ನಾವು ಬರೀಲಾ, ಇಲ್ಲಾ ‘ನಾನು’ ಅಂತ ನೀವೇ ಬರ್ದುಕೊಡ್ತೀರಾ?