ಸಂಪಾದಕರ ಉತ್ತರ: ದರ ಹೇಳಬೇಕಾದವರು ನೀವೇ

ಈ ಕಾಗದ ಮಂಡ್ಯದಿಂದ ಬಂದದ್ದು. ಹೆಸರು ಹಾಕಬೇಡಿ ಎಂದು ಬರೆದವರು ಕೇಳಿಕೊಂಡಿದ್ದಾರೆ. ಕಾಗದದ ಮುಖ್ಯ ಭಾಗ ಹೀಗಿದೆ:

“ನನಗೆ 27 ವರ್ಷ. ನೂರಡಿ ರಸ್ತೆ ಹತ್ತಿರದ ಒಂದು ಪಾರ್ಲರಿನಲ್ಲಿ ನಾಲ್ಕು ವರ್ಷದಿಂದ ಕೆಲಸಕ್ಕಿದ್ದೀನಿ. ಬೆಳಗ್ಗೆ ಹತ್ತಕ್ಕೆ ಹೋದರೆ ಬಿಡೋದು ರಾತ್ರಿ ಎಂಟಕ್ಕೆ. ಸಂಬಳ 9,000. ಕಟಿಂಗು, ಕಲರು, ಮದುವೆ ಹೆಣ್ಣಿನ ಮೇಕಪ್ಪು ಎಲ್ಲಾ ನನ್ನ ಕೈಯದ್ದೇ. ಜಾಸ್ತಿ ಮಾಡಿ ಅಂದರೆ ‘ಕೆಲಸ ಕಲಿಸಿದ್ದು ಯಾರು?’ ಅಂತಾರೆ. ನಮ್ಮಪ್ಪ ಊರಲ್ಲಿ ಆಯಕ್ಕೆ ಕ್ಷೌರ ಮಾಡ್ತಿದ್ದೋರು. ‘ನೀನೇ ಒಂದು ಅಂಗಡಿ ಇಡು’ ಅಂತಾರೆ. ಆದರೆ ನನಗೆ ಇಷ್ಟು ಕೊಡಿ ಅಂತ ದರ ಹೇಳೋಕೆ ಬಾಯೇ ಬರಲ್ಲ. ಹತ್ತು ನಿಮಿಷದ ಕೆಲಸಕ್ಕೆ ಇಷ್ಟಾ ಅಂತ ಯಾರಾದರೂ ಅಂದರೆ ನನಗೂ ಹೌದೇನೋ ಅನ್ನಿಸಿಬಿಡುತ್ತೆ. ಮುಂದಿನ ತಿಂಗಳು ದೊಡ್ಡಮ್ಮನ ಮಗಳ ಮದುವೆ. ಅಲಂಕಾರ ನನ್ನದೇ. ದುಡ್ಡು ಕೇಳಿದರೆ ತಪ್ಪಾ?”

ತಂಗಿ,

ಸಂಬಳದ ಮಾತಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ‘ಬಾಯೇ ಬರಲ್ಲ’ ಅಂದಿರಲ್ಲ, ಆ ಮಾತು. ಅದನ್ನು ನಿಮ್ಮ ಸಂಕೋಚದ ಸ್ವಭಾವ ಅಂದುಕೊಳ್ಳಬೇಡಿ. ಅದರ ಬೇರು ನಮ್ಮಂಥವರ ಮನೆಯ ಹಿತ್ತಲಲ್ಲಿದೆ.

ನಾನು ಹುಟ್ಟಿ ಬೆಳೆದದ್ದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ತಿಂಗಳಿಗೊಮ್ಮೆ ಕ್ಷೌರದವರು ಬಂದು ಹಿತ್ತಲ ನುಗ್ಗೆಮರದ ಕೆಳಗೆ ಹಡಪ ಬಿಚ್ಚುತ್ತಿದ್ದರು. ನಮ್ಮ ತಾತನ ವಾರಿಗೆಯವರು. ನಾವು ಚಿಳ್ಳೆಪಿಳ್ಳೆಗಳೂ ಅವರನ್ನು ‘ಬಾ, ಹೋಗು’ ಅನ್ನುತ್ತಿದ್ದೆವು. ಮನೆಯಲ್ಲಿ ಯಾರೂ ತಿದ್ದುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಅವರು ಕಣಕ್ಕೆ ಬರುತ್ತಿದ್ದರು, ತಾತ ಬಳ್ಳದಲ್ಲಿ ರಾಗಿ ಅಳೆದು ಹಾಕುತ್ತಿದ್ದರು. ಅದೇ ಆಯ. ಮನೆಯಲ್ಲಿ ವರ್ಷವರ್ಷವೂ ಮಕ್ಕಳು ಹುಟ್ಟಿದವು, ಚಿಕ್ಕಪ್ಪಂದಿರ ಮದುವೆಗಳಾದವು, ಕೂರುವ ತಲೆಗಳು ಆರರಿಂದ ಹನ್ನೊಂದಾದವು. ಬಳ್ಳದ ಲೆಕ್ಕ ಮಾತ್ರ ಹಾಗೇ ಉಳಿಯಿತು. ಮಳೆ ಹೋದ ಒಂದು ವರ್ಷ ತಾತ ‘ಮುಂದಿನ ಸುಗ್ಗಿಗೆ ನೋಡೋಣ’ ಅಂದರು. ಅವರು ಖಾಲಿ ಚೀಲ ಮಡಿಸಿ ಹೆಗಲಿಗೆ ಹಾಕಿಕೊಂಡು ಹೋದರು. ಮುಂದಿನ ತಿಂಗಳು ಮತ್ತೆ ನುಗ್ಗೆಮರದ ಕೆಳಗೆ ಬಂದು ಕೂತರು. ‘ಇಷ್ಟು ಸಾಲದು’ ಎಂದು ಅವರು ಹೇಳಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ. ಹೇಳುವ ಪದ್ಧತಿಯೇ ಇರಲಿಲ್ಲ.

ಹಳೇ ಮೈಸೂರು ಸೀಮೆಯಲ್ಲಿ ಹನ್ನೆರಡು ಆಯಗಾರರು ಅನ್ನುವ ಲೆಕ್ಕವಿತ್ತು. ಗೌಡ, ಶಾನುಭೋಗರಿಂದ ಹಿಡಿದು ನೀರಗಂಟಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕರವರೆಗೆ. ಆ ಏರ್ಪಾಟಿನಲ್ಲಿ ಹೊಟ್ಟೆಗೆ ಒಂದು ಭರವಸೆ ಇತ್ತು ಎಂದು ಹೊಗಳುವವರಿದ್ದಾರೆ. ಇದ್ದಿರಬಹುದು. ಆದರೆ ಅಳೆಯುವ ಬಳ್ಳ ಯಾವತ್ತೂ ಕೊಡುವವನ ಕೈಯಲ್ಲೇ ಇತ್ತು. ನಿಮ್ಮ ತಂದೆಯವರಿಗೂ, ಅವರ ತಂದೆಯವರಿಗೂ ತಮ್ಮ ಕೆಲಸಕ್ಕೆ ತಾವೇ ದರ ಹೇಳುವ ಸಂದರ್ಭ ಒದಗಲಿಲ್ಲ. ನಿಮ್ಮ ಮನೆತನದಲ್ಲಿ ಆ ಮಾತನ್ನು ಮೊದಲು ಆಡಬೇಕಾದವರು ನೀವು. ಗಂಟಲು ಕಟ್ಟುವುದು ಸಹಜವೇ.

ದರವಷ್ಟೇ ಅಲ್ಲ, ಯಾರ ತಲೆ ಮುಟ್ಟಬೇಕು, ಯಾರದ್ದು ಮುಟ್ಟಬಾರದು ಎಂಬುದನ್ನೂ ಊರೇ ತೀರ್ಮಾನಿಸುತ್ತಿತ್ತು. ‘ತೀರ್ಮಾನಿಸುತ್ತಿತ್ತು’ ಎಂದು ಹಳೇ ಕಾಲದ ಮಾತಾಗಿ ಬರೆದು ಕೈತೊಳೆದುಕೊಳ್ಳುವಂತಿಲ್ಲ. 2020ರಲ್ಲಿ ನಮ್ಮ ನಂಜನಗೂಡು ತಾಲ್ಲೂಕಿನ ಹಳ್ಳಿಯೊಂದರಲ್ಲಿ ದಲಿತರಿಗೂ ಕ್ಷೌರ ಮಾಡಿದರೆಂದು ಅಂಗಡಿಯವರೊಬ್ಬರಿಗೆ 50,000 ರೂಪಾಯಿ ದಂಡ ಹಾಕಿ, ಬಹಿಷ್ಕಾರ ಹಾಕಿದ್ದು ಪತ್ರಿಕೆಗಳಲ್ಲೆಲ್ಲ ಬಂತು. ನಾಳೆ ನೀವು ಅಂಗಡಿ ಇಟ್ಟರೆ ಬಾಗಿಲು ಎಲ್ಲರಿಗೂ ತೆರೆದಿರಲಿ, ಗೋಡೆಯ ಮೇಲಿನ ದರ ಎಲ್ಲರಿಗೂ ಒಂದೇ ಇರಲಿ. ಇಷ್ಟನ್ನು ನಾನು ಕೇಳಿಕೊಳ್ಳುತ್ತೇನೆ.

ಇನ್ನು ನಮ್ಮ ಭಾಷೆಯ ಮಾತು, ಅದು ನನ್ನ ಕಸುಬಿಗೆ ಸೇರಿದ್ದು. ಈ ವೃತ್ತಿಯ ಹೆಸರನ್ನೇ ಬೈಗುಳ ಮಾಡಿಕೊಂಡ ಜನ ನಾವು. ಕೆಲಸಕ್ಕೆ ಬಾರದ್ದನ್ನು ಮಾಡಿದವನಿಗೆ ‘ಅದೇನು ಹಜಾಮತಿ ಮಾಡ್ತಿದ್ದೀಯ’ ಅನ್ನುತ್ತೇವೆ. ಆ ಪದವನ್ನು ಬೈಗುಳವಾಗಿ ಬಳಸುವುದು ನಿಲ್ಲಬೇಕೆಂದು ಸವಿತಾ ಸಮಾಜದವರು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದಾರೆ. ನಮ್ಮ ಪತ್ರಿಕೆಯ ಕಥೆಯೊಂದರಲ್ಲೂ ಅದು ನನ್ನ ಕಣ್ಣು ತಪ್ಪಿ ಅಚ್ಚಾಗಿತ್ತು. ಅದಕ್ಕೆ ಕ್ಷಮೆ ಕೇಳುತ್ತೇನೆ. ಇನ್ನು ಮುಂದೆ ಇಲ್ಲಿ ಅದು ಬೈಗುಳವಾಗಿ ಬರುವುದಿಲ್ಲ. ವೃತ್ತಿಯನ್ನೇ ಬೈಗುಳ ಮಾಡಿಕೊಂಡವರು ಅದಕ್ಕೆ ಧಾರಾಳವಾಗಿ ಕೂಲಿ ಕೊಟ್ಟಾರೆ ಎಂದು ನಂಬುವುದು ಕಷ್ಟ.

‘ಹತ್ತು ನಿಮಿಷದ ಕೆಲಸ’ ಅಂದವರಿಗೆ ನಿಮಿಷದ ಲೆಕ್ಕದಲ್ಲಿ ಉತ್ತರ ಕೊಡಲು ಹೋಗಬೇಡಿ. ಕೆಟ್ಟರೆ ಏನಾಗುತ್ತದೆ ಎಂಬ ಲೆಕ್ಕ ಹೇಳಿ. ತಲೆಗೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದೂಕಾಲು ಸೆಂಟಿಮೀಟರು. ನಾಲ್ಕು ಬೆರಳು ಹೆಚ್ಚಿಗೆ ಕತ್ತರಿಸಿಬಿಟ್ಟರೆ ಅದು ಬರಲು ಐದಾರು ತಿಂಗಳು ಬೇಕು. ಮದುವೆ ಐದಾರು ತಿಂಗಳು ಕಾಯುವುದಿಲ್ಲ. ಬಣ್ಣದ್ದು ಇನ್ನೂ ಸೂಕ್ಷ್ಮ. ಕಪ್ಪು ಬಣ್ಣಗಳಲ್ಲಿ ಹೆಚ್ಚಾಗಿ ಇರುವ ಪಿಪಿಡಿ ಎಂಬ ರಾಸಾಯನಿಕ ಕೆಲವರ ಮೈಗೆ ಆಗುವುದಿಲ್ಲ, ಮುಖವೆಲ್ಲ ಊದಿಕೊಳ್ಳುತ್ತದೆ. ಅದಕ್ಕೇ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ಎರಡು ದಿನ ಕಾಯಬೇಕು. ಇದನ್ನು ತಿಳಿದವರಿಗೂ ತಿಳಿಯದವರಿಗೂ ಒಂದೇ ಕೂಲಿ ಹೇಗಾದೀತು? ಸುಳಿ ಯಾವ ಕಡೆ ತಿರುಗಿದೆ, ಒದ್ದೆಯಾಗಿದ್ದಾಗ ಉದ್ದ ಕಾಣುವ ಗುಂಗುರು ಕೂದಲು ಒಣಗಿದ ಮೇಲೆ ಎಷ್ಟು ಮೇಲೇರುತ್ತದೆ, ಹುಬ್ಬಿಗೆ ದಾರ ಎಳೆಯುವಾಗ ರೆಪ್ಪೆಯ ತೆಳು ಚರ್ಮ ಎಷ್ಟು ಬಿಗಿ ತಡೆದೀತು, ಇವೆಲ್ಲ ನಿಮ್ಮ ಬೆರಳಿಗೆ ಗೊತ್ತು. ಸಂಜೆ ಹೊತ್ತಿಗೆ ಕಾಲಿನ ನರ ಉಬ್ಬುವುದು, ಮಣಿಕಟ್ಟು ಹಿಡಿದುಕೊಳ್ಳುವುದು, ಕೂದಲು ನೆಟ್ಟಗೆ ಮಾಡುವ ಕ್ರೀಮುಗಳ ಹಬೆಗೆ ಕಣ್ಣು ಉರಿಯುವುದು, ಇದೂ ನಿಮ್ಮದೇ. ಬಿಲ್ಲಿನಲ್ಲಿ ಕಾಣುವುದಿಲ್ಲ, ಅಷ್ಟೆ.

ಈಗ ನಿಮ್ಮ 9,000ದ ಲೆಕ್ಕ ಹಾಕೋಣ. ದಿನಕ್ಕೆ ಹತ್ತು ಗಂಟೆ, ತಿಂಗಳಿಗೆ 26 ದಿನ, ಒಟ್ಟು 260 ಗಂಟೆ. ಗಂಟೆಗೆ 35 ರೂಪಾಯಿಯೂ ಬೀಳಲಿಲ್ಲ. ಒಬ್ಬರಿಗೆ ಎರಡು ಗಂಟೆ ನಿಂತು ಕಲರ್ ಹಾಕಿದರೆ ನಿಮ್ಮ ಪಾಲಿಗೆ ಬಂದದ್ದು 70 ರೂಪಾಯಿಯೊಳಗೆ. ಆ ಗಿರಾಕಿ ಗಲ್ಲಾದಲ್ಲಿ ಎಷ್ಟು ಕೊಟ್ಟರು ಎಂಬುದು ನಿಮಗೇ ಗೊತ್ತು. ಗಂಡಸರ ಸಲೂನುಗಳಲ್ಲಿ ಎಷ್ಟೋ ಕಡೆ ದುಡಿಮೆಯಲ್ಲಿ ಪಾಲು ಅನ್ನುವ ರೂಢಿ ಇದೆ. ರಾತ್ರಿ ಬಾಗಿಲು ಹಾಕುವಾಗ ಆ ದಿನ ತನ್ನ ಕೈ ಎಷ್ಟು ದುಡಿಯಿತು ಎಂದು ಕೆಲಸದವನಿಗೆ ಗೊತ್ತಿರುತ್ತದೆ. ತಿಂಗಳ ಸಂಬಳದಲ್ಲಿ ಅದು ಮರೆಯಾಗಿಬಿಡುತ್ತದೆ. ಆದ್ದರಿಂದ ನಾಳೆಯಿಂದಲೇ ಒಂದು ಪುಸ್ತಕ ಇಡಿ. ಯಾವ ಕೆಲಸ, ಎಷ್ಟು ಹೊತ್ತು, ಬಿಲ್ಲು ಎಷ್ಟು. ಒಂದು ತಿಂಗಳು ಬರೆದು ಆ ಪುಸ್ತಕ ಹಿಡಿದೇ ಯಜಮಾನರ ಹತ್ತಿರ ಮಾತಾಡಿ. ಅವರಿಗೂ ಬಾಡಿಗೆ, ಕರೆಂಟು, ಸಾಮಾನಿನ ಖರ್ಚು ಇದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಕಲಿಸಿದ ಋಣ ನಾಲ್ಕು ವರ್ಷಕ್ಕೂ ತೀರದಂಥದ್ದಲ್ಲ. ಕಲಿಯುವವರು ಮದುಮಗಳ ಅಲಂಕಾರವನ್ನು ಒಬ್ಬರೇ ಹೊರುವುದಿಲ್ಲ.

ಕಾನೂನೂ ನಿಮ್ಮ ಕಡೆಗಿದೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆ ರಾಜ್ಯ ಸರ್ಕಾರ ಕನಿಷ್ಠ ವೇತನ ಗೊತ್ತುಮಾಡಿದೆ. ನಿಮ್ಮ 9,000 ಅದಕ್ಕಿಂತ ಕೆಳಗಿದೆ. 1961ರ ಅಂಗಡಿ ಕಾಯಿದೆಯಲ್ಲಿ ವಾರದ ರಜೆ, ದುಡಿಮೆಯ ಹೊತ್ತಿನ ಮಿತಿ, ಮಿತಿ ಮೀರಿದರೆ ಎರಡರಷ್ಟು ಕೂಲಿ, ಮೂರೂ ಇವೆ. ಮಾತಿನಲ್ಲಿ ಬಗೆಹರಿಯದಿದ್ದರೆ ಮಂಡ್ಯದ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಹತ್ತು ಗಂಟೆ ಕೆಲಸ ಮಾಡಿದ್ದಕ್ಕೆ ಆ ಪುಸ್ತಕವೇ ನಿಮ್ಮ ಆಧಾರ.

ಅಂಗಡಿ ಇಡುವ ಯೋಚನೆ ನನಗೆ ಹಿಡಿಸಿತು. ದರ ಕಟ್ಟುವುದು ಹೇಗೆಂದು ಅಂಜಬೇಡಿ, ನೀವಿರುವುದು ಮಂಡ್ಯದಲ್ಲಿ. ಬೇರೆಯವರು ಗೊತ್ತುಮಾಡಿದ ಬೆಲೆಗೆ ಬೆಳೆ ಕೊಡುವ ಸಂಕಟ ನಿಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇ 10.25 ಸಕ್ಕರೆ ಇಳುವರಿಯ ಕಬ್ಬಿಗೆ ಟನ್ನಿಗೆ 3,550 ರೂಪಾಯಿ ಅಂದಿತು. ರೈತ ಬಿತ್ತನೆ, ಗೊಬ್ಬರ, ಕಟಾವಿನ ಕೂಲಿ, ಸಾಗಣೆ ಎಲ್ಲ ಕೂಡಿಸಿ ನೋಡಿಯೇ ಅದು ಗಿಟ್ಟುತ್ತದೋ ಇಲ್ಲವೋ ಹೇಳುವುದು. ನೀವೂ ಹಾಗೇ ಕೂಡಿಸಿ. ಬಾಡಿಗೆ 5,000 ಅಂದುಕೊಳ್ಳಿ. ಕರೆಂಟು 1,000, ಬ್ಲೇಡು, ಟವೆಲು, ಶ್ಯಾಂಪೂ, ಕ್ರೀಮು 3,000. ಕತ್ತರಿ ಸಾಣೆಗೆ, ಹಾಳಾದ ಡ್ರೈಯರು, ಟ್ರಿಮ್ಮರು ಬದಲಿಸಲು 1,000. ಅಡ್ವಾನ್ಸಿಗೆ ತಂದ ಸಾಲದ ಬಡ್ಡಿ 1,000. ಇಷ್ಟಕ್ಕೇ 11,000 ಆಯಿತು. ಅದರ ಮೇಲೆ ನಿಮ್ಮ ಸಂಬಳ 18,000. ಇದನ್ನು ಲಾಭ ಎಂದು ಕರೆಯಬೇಡಿ, ನಿಮ್ಮ ಕೂಲಿ ಅದು. ಹೊಸದಾಗಿ ಅಂಗಡಿ ಇಟ್ಟವರು ಮರೆಯುವುದು ಈ ಸಾಲನ್ನೇ. ಒಟ್ಟು 29,000. ಬಾಗಿಲು ತೆರೆದಿರುವಷ್ಟೂ ಹೊತ್ತು ಕೈಗೆ ಕೆಲಸ ಇರುವುದಿಲ್ಲ, ದಿನಕ್ಕೆ ಐದು ಗಂಟೆ ಹಿಡಿಯಿರಿ. 26 ದಿನಕ್ಕೆ 130 ಗಂಟೆ. ಗಂಟೆಗೆ 223 ರೂಪಾಯಿ ಹುಟ್ಟಬೇಕು. ಅರ್ಧ ಗಂಟೆಯ ಕಟಿಂಗಿಗೆ 112ಕ್ಕಿಂತ ಕಡಿಮೆ ತೆಗೆದುಕೊಂಡರೆ ನಿಮ್ಮ ಕೈಯಿಂದಲೇ ಹೋಯಿತು. ಒಂದೂವರೆ ಗಂಟೆಯ ಬಣ್ಣಕ್ಕೆ 335, ಬಣ್ಣದ ಬೆಲೆ ಬೇರೆ. ನಿಮ್ಮ ಬೀದಿಯ ಬಾಡಿಗೆ ಹಾಕಿ ಈ ಅಂಕಿಗಳನ್ನು ತಿದ್ದಿಕೊಳ್ಳಿ. ಪಕ್ಕದವರು 80ಕ್ಕೆ ಮಾಡುತ್ತಾರೆ ಎಂದು ಯಾರಾದರೂ ಬಂದು ಹೇಳಿಯೇ ಹೇಳುತ್ತಾರೆ. ಮಾಡಲಿ ಬಿಡಿ. ನಿಮ್ಮ ಲೆಕ್ಕ ನಿಮ್ಮ ಮುಂದೆ ಇದ್ದರೆ ಬಾಯಿ ತಾನಾಗಿ ಬರುತ್ತದೆ.

ಬಂಡವಾಳಕ್ಕೆ ಬಡ್ಡಿಯವರ ಬಾಗಿಲಿಗೆ ಹೋಗುವ ಮುಂಚೆ ಪಿಎಂ ವಿಶ್ವಕರ್ಮ ಯೋಜನೆಯನ್ನು ವಿಚಾರಿಸಿ. 2023ರಲ್ಲಿ ಶುರುವಾದ ಈ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಒಂದು. ಸಲಕರಣೆಗೆ 15,000, ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಶೇ 5ರ ಬಡ್ಡಿಗೆ ಸಾಲ. ಒಂದು ಮನೆಯಿಂದ ಒಬ್ಬರಿಗೆ ಮಾತ್ರ, ಆದ್ದರಿಂದ ತಂದೆಯವರೂ ನೀವೂ ಮೊದಲೇ ಮಾತಾಡಿಕೊಳ್ಳಿ. ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲೂ ಕ್ಷೌರಿಕರ ನೋಂದಣಿ ಇದೆ. 2020ರ ಲಾಕ್‌ಡೌನಿನಲ್ಲಿ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ಘೋಷಿಸಿದಾಗ ಕಾಗದಪತ್ರವಿಲ್ಲದೆ ಪರದಾಡಿದವರನ್ನು ನಾನು ಮೈಸೂರಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಅಂಗಡಿ ಇಟ್ಟ ಮೊದಲ ವಾರವೇ ಪರವಾನಗಿ, ನೋಂದಣಿ ಎಲ್ಲ ಮಾಡಿಸಿಕೊಂಡುಬಿಡಿ.

ದೊಡ್ಡಮ್ಮನ ಮಗಳ ಮದುವೆಯ ಮಾತು ಕೊನೆಗಿಟ್ಟುಕೊಂಡೆ, ಅದೇ ಕಷ್ಟದ್ದು. ಮದುವೆಯಲ್ಲಿ ಅಡುಗೆಯವರಿಗೆ, ವಾಲಗದವರಿಗೆ, ಫೋಟೋದವರಿಗೆ ವೀಳ್ಯ ಕೊಟ್ಟೇ ಗೊತ್ತುಮಾಡುತ್ತಾರೆ. ‘ನಮ್ಮೋಳೇ ಅಲ್ವಾ’ ಅನ್ನುವುದು ನಿಮಗೆ ಮಾತ್ರ. ನಾಲ್ಕೂವರೆಗೆ ಎದ್ದು, ಮುಹೂರ್ತಕ್ಕೊಂದು ಆರತಕ್ಷತೆಗೊಂದು ಎರಡು ಅಲಂಕಾರ ಮಾಡಿ, ಆ ದಿನ ಪಾರ್ಲರಿನ ರಜೆಗೆ ಸಂಬಳವನ್ನೂ ಬಿಡುವವರು ನೀವು. ಈ ಭಾನುವಾರವೇ ದೊಡ್ಡಮ್ಮನ ಮನೆಗೆ ಹೋಗಿ. ಮದುವೆ ದಿನ ಹೇಳಿದರೆ ಅದು ಜಗಳವಾಗುತ್ತದೆ. ಈಗ ಹೇಳಿದರೆ ಖರ್ಚಿನ ಪಟ್ಟಿಯಲ್ಲಿ ಅದೂ ಒಂದು ಸಾಲಾಗುತ್ತದೆ. ‘ದೊಡ್ಡಮ್ಮ, ಎರಡು ಅಲಂಕಾರಕ್ಕೆ ಇಷ್ಟು, ಸಾಮಾನು ನನ್ನದು’ ಅನ್ನಿ. ಕಾರಣ ವಿವರಿಸಲು ಹೋಗಬೇಡಿ, ಅಂಕಿ ಹೇಳಿ ಸುಮ್ಮನಿರಿ. ಅವರು ಮುನಿದರೆ ಒಂದೆರಡು ದಿನ ಮುನಿಯಲಿ. ಪ್ರೀತಿ ತೋರಿಸಲು ಮದುವೆಮನೆಯಲ್ಲೇ ಜಾಗವಿದೆ. ಕೂಲಿ ಪೂರ್ತಿ ತೆಗೆದುಕೊಳ್ಳಿ, ಧಾರೆ ಮುಗಿದ ಮೇಲೆ ಮುಯ್ಯಿ ಬರೆಯುವವರ ಹತ್ತಿರ ಹೋಗಿ ನಿಮ್ಮ ಹೆಸರಿನ ಮುಂದೆ 1,001 ಬರೆಸಿ ಬನ್ನಿ.

— ಸಂಪಾದಕ