ಹಾಳೆ ಟೊಪ್ಪಿಯ ಗೂಬೆ ಕಲೆಯಾ, ಕಸವಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆ. ಕೈಗೆ ಸಿಕ್ಕ ಸಾಮಾನನ್ನೇ ಅಂಟಿಸಿ, ಪೋಣಿಸಿ ಚಿತ್ರ ಮಾಡುತ್ತೇನೆ. ಮೊನ್ನೆ ಅಡಿಕೆ ಹಾಳೆಯ ಹಳೇ ಟೊಪ್ಪಿಗೆ ಮಗನ ಯೂನಿಫಾರಂನ ಎರಡು ಗುಂಡಿ, ಒಂದು ಮುರಿದ ಚಮಚ ಸೇರಿಸಿ ಗೂಬೆ ಮಾಡಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಅತ್ತೆ ಮಾತ್ರ "ಎಂತ ಮಕ್ಕಳಾಟ ಮಾರಾಯ್ತಿ, ಜಗಲಿ ತುಂಬ ಕಸ" ಎಂದರು. ಇದನ್ನು ಕಲೆ ಅನ್ನಬಹುದಾ? ಫೋಟೋ ಕಳಿಸಿದ್ದೇನೆ.

ಉತ್ತರ: ಖಂಡಿತ ಅನ್ನಬಹುದು. ಫೋಟೋವನ್ನು ದೊಡ್ಡದು ಮಾಡಿ ತುಂಬ ಹೊತ್ತು ನೋಡಿದೆ. ಟೊಪ್ಪಿಯ ಒಳಅಂಚಿನಲ್ಲಿ ಬೆವರು ಒಣಗಿದ ಬಿಳಿ ಗೆರೆ ಇದೆ, ಎಡಗಡೆ ಹೆಬ್ಬೆರಳಷ್ಟು ಅಗಲದ ಚೊಗರಿನ (ಅಡಿಕೆ ಬೇಯಿಸಿದ ರಸದ) ಕಲೆ ಇದೆ. ಅವೆರಡನ್ನೂ ನೀವು ಉಜ್ಜಿ ತೊಳೆದಿಲ್ಲ, ನನಗೆ ಬಹಳ ಹಿಡಿಸಿದ್ದು ಅದೇ. ಚೊಗರಿನದ್ದೂ ಕಲೆ, ನೀವು ಮಾಡಿದ್ದೂ ಕಲೆ. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು, ಅಲ್ವಾ?

ಇಂಥ ಕೆಲಸ ನೋಡುವಾಗ ನಾನು ಕೇಳಿಕೊಳ್ಳುವುದು ಒಂದೇ. ಸಾಮಾನು ಹೊಸ ವೇಷ ಹಾಕಿದ ಮೇಲೂ ಅದರ ಹಳೇ ಬದುಕು ಕಾಣುತ್ತಿದೆಯಾ? ಪಿಕಾಸೊ 1942ರಲ್ಲಿ ಸೈಕಲ್ಲಿನ ಸೀಟು ಮತ್ತು ಹ್ಯಾಂಡಲ್ ಜೋಡಿಸಿ ಗೂಳಿಯ ತಲೆ ಮಾಡಿದ. ಸೀಟೇ ಮುಖ, ಹ್ಯಾಂಡಲ್ಲೇ ಕೊಂಬು. ಒಂದು ಕ್ಷಣ ಗೂಳಿ ಕಾಣುತ್ತದೆ, ಮರುಕ್ಷಣ ಸೈಕಲ್ಲು, ಮತ್ತೆ ಗೂಳಿ. ಆ ಆಟದಲ್ಲೇ ಅದರ ಜೀವ ಇರುವುದು. ನಿಮ್ಮ ಗೂಬೆಯೂ ಹಾಗೇ, ನೋಡುತ್ತ ನೋಡುತ್ತ ತೋಟದಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದ ಯಾರದೋ ತಲೆಯೂ ನೆನಪಾಗುತ್ತದೆ. ಆದರೆ ಕೊಕ್ಕಿನ ಚಮಚಕ್ಕೆ ಬಂಗಾರದ ಬಣ್ಣ ಬಳಿದಿದ್ದೀರಲ್ಲ, ಅದನ್ನು ದಯವಿಟ್ಟು ಕೆರೆದು ತೆಗೆಯಿರಿ. ಅಲ್ಲಿ ಚಮಚ ಸತ್ತುಹೋಗಿದೆ.

ಮನೆ ಸಾಮಾನಿನಲ್ಲಿ ಕಲೆ ಮಾಡುವವರು ದೂರದ ಊರಿನಲ್ಲೇ ಇರಬೇಕೆಂದಿಲ್ಲ. ಶೀಲಾ ಗೌಡ ಹುಟ್ಟಿದ್ದು ನಮ್ಮ ಭದ್ರಾವತಿಯಲ್ಲಿ. ಸಗಣಿ, ಕುಂಕುಮ, ಸೂಜಿ ದಾರ, ಟಾರ್ ಡ್ರಮ್ಮು, ಇವೇ ಅವರ ಸಾಮಗ್ರಿ. ನೂರಾರು ಅಡಿ ದಾರವನ್ನು ಸೂಜಿಗಳಿಗೆ ಪೋಣಿಸಿ, ಗೋಂದು ಕುಂಕುಮ ಹಚ್ಚಿ ಕೆಂಪು ಹಗ್ಗ ಮಾಡಿದ್ದಾರೆ, ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೇ ತೂಗುತ್ತದೆ. 2009ರಲ್ಲಿ ವೆನಿಸ್‌ನ ದೊಡ್ಡ ಪ್ರದರ್ಶನದಲ್ಲಿ ಕೂದಲಿನ ಹಗ್ಗದಿಂದ ಕಾರಿನ ಬಂಪರುಗಳನ್ನು ತೂಗುಹಾಕಿದ್ದರು. ದೃಷ್ಟಿಯಾಗದಿರಲಿ ಅಂತ ಗಾಡಿಗೆ ಕಟ್ಟುತ್ತಾರಲ್ಲ, ಅದೇ ಕೂದಲಿನ ಹಗ್ಗ. ಅವರ ಕೆಲಸ ನಗಿಸುವಂಥದ್ದಲ್ಲ, ಎದೆ ಭಾರ ಮಾಡುವಂಥದ್ದು. ನಿಮ್ಮದು ನಗಿಸುತ್ತದೆ. ನಗಿಸಿದ್ದಕ್ಕೇ ಅದು ಕಡಿಮೆ ಆಗುವುದಿಲ್ಲ.

ಅತ್ತೆಯವರ ಜೊತೆ ವಾದ ಮಾಡಬೇಡಿ. ಸಾಗರ ಸೀಮೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಮನೆ ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರದ ಮಾತು ತೆಗೆಯಿರಿ. ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಕುಂಚಕ್ಕೆ ಪುಂಡಿ ನಾರು. ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿಗೂ ಹಾಗೇ ಚಿತ್ತಾರ ಬರೆಯುತ್ತಾರೆ. ಅಡುಗೆಮನೆ, ಹಿತ್ತಿಲು, ಗದ್ದೆ ಬದು ಬಿಟ್ಟು ಹೊರಗಿನದ್ದು ಒಂದೂ ಇಲ್ಲ. ಆಮೇಲೆ ಅತ್ತೆಯವರ ಹಳೇ ಸಾಮಾನು ಒಂದನ್ನು ಕೇಳಿ ತೆಗೆದುಕೊಳ್ಳಿ, ಅಡಕೊತ್ತೋ ಎಲೆ ಸಂಚಿಯೋ. ಮುಂದಿನ ಚಿತ್ರ ಅದರಲ್ಲೇ ಮಾಡಿ.

ಪ್ರಶ್ನೆ: ನಾನೂ ಅಡಿಕೆ ಹಾಳೆ, ಬಸ್ ಟಿಕೆಟ್, ಬಾಟಲಿ ಮುಚ್ಚಳ ಅಂಟಿಸುತ್ತೇನೆ. ಮಳೆಗಾಲದಲ್ಲಿ ಎಲ್ಲಾ ಬೂಷ್ಟು ಹಿಡಿದು ಕಿತ್ತುಬರುತ್ತದೆ. ಏನು ಮಾಡಲಿ? (ಹೊಸನಗರದಿಂದ)

ಉತ್ತರ: ನಮ್ಮ ಜಡಿಮಳೆಯಲ್ಲಿ ಪೂರ್ತಿ ತಪ್ಪಿಸಲು ಆಗುವುದಿಲ್ಲ, ಕಡಿಮೆ ಮಾಡಬಹುದು. ಹಾಳೆಯನ್ನು ಬೇಸಿಗೆಯಲ್ಲೇ ಗರಿಗರಿ ಒಣಗಿಸಿಕೊಳ್ಳಿ. ಮೈದಾ ಅಂಟು ಬೂಷ್ಟಿಗೆ ಒಳ್ಳೇ ಊಟ. ಅದಕ್ಕೇ ಪುಸ್ತಕ ಬೈಂಡ್ ಮಾಡುವವರು ಅಂಟಿಗೆ ಚೂರು ಮೈಲುತುತ್ತ ಹಾಕುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯುತ್ತೇವಲ್ಲ, ಅದೇ. ವಿಷ ಅದು, ಆ ಪಾತ್ರೆಯಲ್ಲಿ ಮತ್ತೆ ಅಡುಗೆ ಮಾಡಬಾರದು, ಮಕ್ಕಳ ಕೈಗೂ ಸಿಗಬಾರದು. ಫೆವಿಕಾಲ್ ಥಂಡಿಗೆ ಮೆತ್ತಗಾಗುತ್ತದೆ, ಹಾಗಾಗಿ ಭಾರದ ಸಾಮಾನನ್ನು ಅಂಟಿಸಬೇಡಿ, ತೂತು ಹೊಡೆದು ತಂತಿಯಲ್ಲಿ ಕಟ್ಟಿ. ಚಿತ್ರ ಗೋಡೆಗೆ ತಾಗಿಕೊಂಡಿರಬಾರದು. ಹಿಂದೆ ನಾಲ್ಕು ಮೂಲೆಗೂ ಮರದ ಚಕ್ಕೆ ಕೊಟ್ಟರೆ ಗಾಳಿಯಾಡುತ್ತದೆ.

ಟಿಕೆಟ್ ವಿಷಯ ಮಾತ್ರ ಹುಷಾರು. ಶಿವಮೊಗ್ಗದಿಂದ ಸಾಗರಕ್ಕೆ ಓಡಾಡಿದ ಒಂದು ವರ್ಷದ ಟಿಕೆಟ್ ಕೂಡಿಟ್ಟು, ಶರಾವತಿ ಹರಿದ ಹಾಗೆ ಸಾಲಾಗಿ ಅಂಟಿಸಿದ್ದೆ. ಮುಂದಿನ ದೀಪಾವಳಿ ಹೊತ್ತಿಗೆ ಅಕ್ಷರವೆಲ್ಲ ಮಾಯ, ಬರೀ ಬಿಳಿ ಚೀಟಿ. ತುಂಬ ಸಂಕಟವಾಯಿತು. ಮೆಷಿನ್ ಟಿಕೆಟ್ಟಿನದು ಶಾಯಿಯಲ್ಲ, ಬಿಸಿಗೆ ಕಪ್ಪಾಗುವ ಕಾಗದ ಅದು, ಬೆಳಕು ಬಿಸಿಲಿಗೆ ಅಕ್ಷರ ಮಾಸಿಹೋಗುತ್ತದೆ. ಮೊದಲು ಜೆರಾಕ್ಸ್ ಮಾಡಿಸಿಕೊಂಡು ಅದನ್ನು ಅಂಟಿಸಿ.

ಪ್ರಶ್ನೆ: ಶಿವಮೊಗ್ಗದಲ್ಲಿ ಓದುತ್ತಿದ್ದೇನೆ. ಇಂಥ ಚಿತ್ರ ಎಲ್ಲಿ ಮಾರಬಹುದು?

ಉತ್ತರ: ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸುತ್ತದೆ. ಒಂದು ಸಲ ಸುಮ್ನೆ ನೋಡಿಕೊಂಡು ಬನ್ನಿ, ಮಾರುವ ಯೋಚನೆ ಆಮೇಲೆ. ಸಾಮಾನು ಪುಕ್ಕಟೆ ಸಿಕ್ಕಿತು ಅಂತ ರೇಟು ಇಳಿಸಬೇಡಿ, ಕೂತು ಮಾಡಿದ ದಿನ ಲೆಕ್ಕ ಹಾಕಿ. ಚಿತ್ರದ ಹಿಂದೆ ಯಾವ ಸಾಮಾನು, ಯಾವ ಅಂಟು ಅಂತ ಪೆನ್ಸಿಲ್ಲಿನಲ್ಲಿ ಬರೆದಿಡಿ. ನಾಳೆ ಏನಾದರೂ ಕಿತ್ತುಬಂದರೆ ಕೊಂಡವರಿಗೆ ಅದು ಬೇಕಾಗುತ್ತದೆ.